ಗುಜರಿ ಲ್ಯಾಪ್‌ಟಾಪ್ ಮತ್ತು ಪೆನ್ ಡ್ರೈವಿನ 'ಪಪ್ಪಿ'

ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆಗೆ ಒಂದು ದಿನ ಇದೆ ಅನ್ನುವಾಗ ನನ್ನ ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. "ಇದು ಗುಜರಿಗೇ ಸಾರ್, ಹೊಸದು ತಗೊಳ್ಳಿ" ಅಂದರು ರಿಪೇರಿ ಅಂಗಡಿಯವರು. ಅಚ್ಚಾದ ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನನ್ನಂಥ ವರದಿಗಾರನಿಗೆ ಹೊಸದು ಎಲ್ಲಿಂದ ಬರಬೇಕು?

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯ ಒಂದು ಪೆನ್ ಡ್ರೈವ್ ತಂದುಕೊಟ್ಟ. ಅದನ್ನು ಸಿಕ್ಕಿಸಿ ಆನ್ ಮಾಡಿದರೆ ಸತ್ತ ಲ್ಯಾಪ್‌ಟಾಪ್ ಎದ್ದು ಕೂತಿತು. ಮರುದಿನದ ಫಲಿತಾಂಶ ಅದರಲ್ಲೇ ಹೋಯಿತು. ಆಮೇಲೆ ಇದರ ಹಿಂದಿನ ಕಥೆ ಹುಡುಕಿದೆ.

ಕಥೆ ಶುರುವಾಗುವುದು ಫಿನ್ಲೆಂಡಿನಲ್ಲಿ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಬರೆದು ಎಲ್ಲರಿಗೂ ಹಂಚಿದರು. ಮರುವರ್ಷ ಅದಕ್ಕೆ ಜಿಪಿಎಲ್ ಪರವಾನಗಿ ಬಂತು. ಅಂದರೆ ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಮುಂದಿನದಕ್ಕೆಲ್ಲ ಇದೇ ಬುನಾದಿ.

2000ರಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ 'ಕ್ನಾಪಿಕ್ಸ್' ಹೊರತಂದರು. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಒತ್ತಿ ಕುಗ್ಗಿಸಿ 700 ಎಂಬಿಯ ಒಂದು ಸಿಡಿಯಲ್ಲಿ ತುಂಬಿದ್ದರು. ಸಿಡಿ ಹಾಕಿದರೆ ಸಾಕು, ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಕೆಲಸ ಶುರು. ಒಂದೇ ಕೊರತೆ: ಮಾಡಿದ ಕೆಲಸವನ್ನು ಆ ಸಿಡಿಯಲ್ಲೇ ಉಳಿಸಲು ಆಗುತ್ತಿರಲಿಲ್ಲ.

ಅದೇ ವರ್ಷ ಪೆನ್ ಡ್ರೈವ್ ಮಾರುಕಟ್ಟೆಗೆ ಬಂತು. ಐಬಿಎಂ ಮಾರಿದ ಮೊದಲ ಡ್ರೈವಿನಲ್ಲಿ ಹಿಡಿಯುತ್ತಿದ್ದದ್ದು ಬರೀ 8 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಎರಡು ಮೂರು ಫೋಟೊಗೆ ತುಂಬಿಹೋಗುವಷ್ಟು.

2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 'ಪಪ್ಪಿ ಲಿನಕ್ಸ್' ಹೊರತಂದರು. ಲಿನಕ್ಸ್ ಕೂಡ ವರ್ಷದಿಂದ ವರ್ಷಕ್ಕೆ ದಪ್ಪಗಾಗಿ ಹಳೇ ಯಂತ್ರಗಳನ್ನು ದೂರ ಮಾಡುತ್ತಿದೆ ಅನ್ನುವುದು ಅವರ ತಕರಾರು. ತಾವು ಸಾಕಿದ್ದ ಪುಟ್ಟ ನಾಯಿಯ ಹೆಸರನ್ನೇ ಇದಕ್ಕಿಟ್ಟರು. ಆರಂಭದ ಪಪ್ಪಿ 100 ಎಂಬಿಯೂ ಇರಲಿಲ್ಲ.

ಹಾರ್ಡ್ ಡಿಸ್ಕ್ ಇಲ್ಲದೆ ಇದು ಹೇಗೆ ನಡೆಯುತ್ತದೆ? ಹಾರ್ಡ್ ಡಿಸ್ಕ್ ಅಂದರೆ ಕಣಜ, ರ‍್ಯಾಮ್ ಅಂದರೆ ಕಣ ಅಂದುಕೊಳ್ಳಿ. ಪಪ್ಪಿ ಪೆನ್ ಡ್ರೈವಿನಿಂದ ಇಡಿಯಾಗಿ ಕಣಕ್ಕೆ ಇಳಿಯುತ್ತದೆ. ಕಣಜ ಕುಸಿದಿದ್ದರೂ ಒಕ್ಕಣೆ ನಿಲ್ಲುವುದಿಲ್ಲ. ಪೆನ್ ಡ್ರೈವಿನ ಮೇಲೆ ಪದೇಪದೇ ಬರೆದರೆ ಅದು ಬೇಗ ಸವೆಯುತ್ತದೆ. ಹಾಗಾಗಿ ಪಪ್ಪಿ ರ‍್ಯಾಮಿನಲ್ಲೇ ಕೆಲಸ ಮಾಡಿ, ಆಗಾಗ ಮಾತ್ರ ಅದರ ಮೇಲೆ ಉಳಿಸುತ್ತದೆ.

ಈ ಇತಿಹಾಸ ಈಗ ಯಾಕೆ? ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಆ ದಿನ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಕಂಪನಿಯ ಕ್ಯಾಲೆಂಡರಿನಲ್ಲಿ ಹಳತಾದವು, ಅಷ್ಟೆ. ಕ್ನಾಪರ್, ಕೌಲರ್ ಥರದವರು ಹೇಳಿದ್ದು ಇಷ್ಟೇ: ಯಂತ್ರ ಯಾವಾಗ ಗುಜರಿಗೆ ಹೋಗಬೇಕು ಅನ್ನುವುದನ್ನು ಅದರ ಮಾಲೀಕ ತೀರ್ಮಾನಿಸಲಿ.

ಹಾಗಂತ ಇದು ಮಾಯಾದಂಡವಲ್ಲ. ಇವತ್ತಿನ ವೆಬ್‌ಸೈಟುಗಳೇ ಭಾರ. 1 ಜಿಬಿ ರ‍್ಯಾಮ್ ಇದ್ದರೆ ವಿಡಿಯೊ ತೆವಳುತ್ತದೆ. ಕನ್ನಡದ ಬದಲು ಚೌಕ ಚೌಕ ಕಂಡರೆ ಕನ್ನಡ ಫಾಂಟ್ ಸೇರಿಸಿಕೊಳ್ಳಬೇಕು. ತೀರಾ ಹಳೇ ಕಂಪ್ಯೂಟರುಗಳು ಪೆನ್ ಡ್ರೈವಿನಿಂದ ಶುರುವಾಗುವುದೇ ಇಲ್ಲ, ಅವಕ್ಕೆ ಸಿಡಿಯೇ ಗತಿ. ಪಪ್ಪಿ ಹಾಕುವಾಗ ಪೆನ್ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗಬಹುದು. ಮದುವೆ ಫೋಟೊ ಇದ್ದರೆ ಮೊದಲು ಬೇರೆ ಕಡೆ ಇಳಿಸಿಕೊಳ್ಳಿ. ಆಫ್ ಮಾಡುವಾಗ "ಉಳಿಸಲೇ?" ಅಂತ ಕೇಳಿದರೆ ಮರೆಯದೆ ಹೂಂ ಅನ್ನಿ.

ನನ್ನ ಲ್ಯಾಪ್‌ಟಾಪಿಗೆ ಇನ್ನೂ ಹಾರ್ಡ್ ಡಿಸ್ಕ್ ಹಾಕಿಸಿಲ್ಲ. ಈ ಬರಹ ಟೈಪ್ ಆಗಿದ್ದೂ ಅದರಲ್ಲೇ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೇ ಕಂಪ್ಯೂಟರ್ ಇದ್ದರೆ, ಗುಜರಿಯವನನ್ನು ಕೂಗುವ ಮೊದಲು ಒಮ್ಮೆ ಕೆಳಗಿಳಿಸಿ ನೋಡಿ.