ಮಳೆಯ ಲೆಕ್ಕ ಬರೆದಿಟ್ಟವರು

ಕಡಿಯಾಳಿಯಲ್ಲಿ ಧಾರಾಕಾರ ಮಳೆ ಸುರಿಯುತ್ತಿರುವಾಗಲೇ ಕಾಪುವಿನಲ್ಲಿ ಬಿಸಿಲಿರುವುದು ನಮಗೆ ಹೊಸತಲ್ಲ. ಮಳೆಯ ಪ್ರಮಾಣ ಊರಿಂದ ಊರಿಗೆ ಬದಲಾಗುವುದರಿಂದ ಒಂದೆರಡು ಸರಕಾರಿ ಮಾಪಕಗಳು ಇಡೀ ಜಿಲ್ಲೆಯ ಸ್ಥಿತಿಯನ್ನು ತಿಳಿಸಲಾರವು. ಈ ಕೊರತೆಯನ್ನು ತುಂಬುವುದರಲ್ಲಿ ಸಾಮಾನ್ಯ ಜನರ ಪಾಲು ದೊಡ್ಡದು.

ಇಂಗ್ಲೆಂಡಿನಲ್ಲಿ ಜಾರ್ಜ್ ಸೈಮನ್ಸ್ ಎಂಬವರು ಮಳೆ ಅಳೆಯುವ ಸ್ವಯಂಸೇವಕರನ್ನು ಒಗ್ಗೂಡಿಸಿದರು. 1860ರಲ್ಲಿ 168 ಕಡೆಗಳ ಲೆಕ್ಕದಿಂದ ಆರಂಭವಾದ ಈ ಕಾರ್ಯ, 1900ರಲ್ಲಿ ಅವರು ನಿಧನರಾಗುವ ವೇಳೆಗೆ 3,000ಕ್ಕೂ ಹೆಚ್ಚು ಕಡೆಗಳಿಗೆ ಹಬ್ಬಿತ್ತು. ಹಳ್ಳಿಗಳ ಧರ್ಮಗುರುಗಳೂ ಅವರಲ್ಲಿದ್ದರು. ನಮ್ಮ ದೇಶದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದಕ್ಕೂ ಮೊದಲೇ, 1867ರಲ್ಲಿ, ಕಲ್ಕತ್ತೆಯ ಸಂತ ಕ್ಸೇವಿಯರ್ ಕಾಲೇಜಿನ ಯೇಸುಸಭೆಯ ಗುರು ಯೂಜೀನ್ ಲಾಫೋಂ ಕಾಲೇಜಿನ ಮಾಳಿಗೆಯ ಮೇಲೆ ದಿನವೂ ಹವೆಯ ಲೆಕ್ಕ ಬರೆದಿಡುತ್ತಿದ್ದರು. ಆ ನವೆಂಬರಿನ ಚಂಡಮಾರುತದ ಮುನ್ಸೂಚನೆಯನ್ನು ಆಡಳಿತಕ್ಕೆ ತಲುಪಿಸಲು ಅವರಿಗೆ ಸಾಧ್ಯವಾದದ್ದು ಅದರಿಂದಲೇ.

ನಮ್ಮ ನಾಡಿನಲ್ಲಿಯೂ ಈ ಪರಂಪರೆಯಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತ ಬಂದಿದ್ದಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಸುಳ್ಯದ ಕಡೆಯ ಅಡಿಕೆ ಕೃಷಿಕರಲ್ಲಿಯೂ ದಶಕಗಳ ಮಳೆಯನ್ನು ದಾಖಲಿಸಿದವರಿದ್ದಾರೆ.

ಇಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತುಗಳಲ್ಲಿ ಸ್ವಯಂಚಾಲಿತ ಮಾಪಕಗಳನ್ನಿರಿಸಿದೆ. ಹಾಗಾದರೆ ಮನೆಯ ಪುಸ್ತಕವೇಕೆ? ಯಂತ್ರ ಕೆಟ್ಟಾಗ ಅದರ ಅಂಕಿಯನ್ನು ತಾಳೆ ನೋಡಲು ನೆರೆಯವರ ಲೆಕ್ಕ ಬೇಕು. ಇಂದಿನ ಮಳೆ ಅಸಹಜವೇ ಎಂದು ತಿಳಿಯಲು ಹಿಂದಿನ ದಶಕಗಳ ಲೆಕ್ಕವೂ ಬೇಕು. ಹೊಸ ಯಂತ್ರದಲ್ಲಿ ಅದು ದೊರೆಯದು.

ಇದರ ಬೆಲೆ ನಮ್ಮ ಜಿಲ್ಲೆಗೆ ಚೆನ್ನಾಗಿ ತಿಳಿದಿದೆ. ಕಾರ್ಕಳದ ಮಾಳದ ಕಡೆಯ ಘಟ್ಟದ ನೀರು ಸುವರ್ಣಾ ನದಿಯಾಗಿ ಕಲ್ಯಾಣಪುರದತ್ತ ಹರಿಯುತ್ತದೆ. ಘಟ್ಟದ ಬುಡದಲ್ಲಿ ರಾತ್ರಿ ಎಷ್ಟು ಮಳೆ ಬಿತ್ತೆಂಬುದು ಬೇಗ ತಿಳಿದರೆ, ಕೆಳಗಿನ ಮನೆಗಳವರು ನೀರು ಬರುವ ಮುನ್ನವೇ ಎಚ್ಚೆತ್ತುಕೊಳ್ಳಬಹುದು. 2020ರ ಸೆಪ್ಟೆಂಬರ್ 20ರ ನೆರೆಯನ್ನು ಕಂಡವರಿಗೆ ಈ ಕೆಲವು ಗಂಟೆಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಬೇಕಾದುದು ತೆರೆದ ಅಂಗಳದಲ್ಲೊಂದು ಮಾಪಕ, ಒಂದು ಪುಸ್ತಕ ಮತ್ತು ದಿನವೂ ಬೆಳಿಗ್ಗೆ 8.30ಕ್ಕೆ ಅಳೆಯುವ ಶಿಸ್ತು. ಮಳೆ ಬಾರದ ದಿನವೂ ಸೊನ್ನೆಯೆಂದು ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಬರೆಯುವವರು ಮರೆತರೋ ಎಂದು ಮುಂದಿನವರಿಗೆ ತಿಳಿಯದು. ಹೊಗಳುವವರಿಲ್ಲದ ಈ ಕಿರಿಯ ನಿಷ್ಠೆಯನ್ನು ನಮ್ಮ ಮನೆಗಳ ಮಕ್ಕಳೂ ಕಲಿಯಬಲ್ಲರು. ಅದರಿಂದ ಉಳಿಯುವ ಜೀವ ಯಾರದೆಂದು ಬರೆದವರಿಗೆ ತಿಳಿಯದಿದ್ದರೂ, ಬರೆದಿಟ್ಟ ಲೆಕ್ಕ ವ್ಯರ್ಥವಾಗದು.