ರಾಜಿ: ಯಾರ ಒಪ್ಪಿಗೆ?

ಊರಲ್ಲಿ ನಮ್ಮವರಿಗೆ ಏಟು ಬಿದ್ದಾಗೆಲ್ಲ ಕೇರಿಗೆ ಒಂದು ಮಾತು ಬರುತ್ತೆ: 'ಆದದ್ದು ಆಗೋಯ್ತು, ರಾಜಿ ಮಾಡ್ಕೊಳ್ರಲಾ, ಊರು ಶಾಂತವಾಗಿರ್ಲಿ.' ಹೇಳೋರು ಅರಳಿಕಟ್ಟೆ ಮೇಲೆ ಕೂತಿರ್ತಾರೆ. ನಾವು ಕೆಳಗೆ ನಿಂತು ಕೇಳ್ತೀವಿ.

ಈ 'ರಾಜಿ' ಅರಬ್ಬಿ ಮೂಲದ್ದು, ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು. ಮೂಲದಲ್ಲಿ ಅದರ ಅರ್ಥ ಒಪ್ಪಿದವನು, ಸಂತೋಷಗೊಂಡವನು ಎಂದು. ಆ ಒಪ್ಪಿಗೆಯನ್ನು ಬರೆದುಕೊಟ್ಟ ಕಾಗದವೇ ರಾಜೀನಾಮೆ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬಿಜಾಪುರದ ಕಡೆ ಜಮೀನು ಬಿಡುವ ರೈತ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡಬೇಕಿತ್ತು, ಹಿಡಿಯುವವನು ಕಬೂಲಾಯತಿ. ಇವತ್ತು ನೌಕರಿ ಬಿಡುವವನು ಕೊಡುವುದೂ ರಾಜೀನಾಮೆಯೇ. ಸಂತೋಷದ ಶಬ್ದ ಹೀಗೆ ಬಿಟ್ಟುಕೊಡುವ ಶಬ್ದವಾಯಿತು. ಪಂಡಿತರು ಇದನ್ನು ಅರ್ಥವ್ಯತ್ಯಾಸ ಅಂತಾರೆ. ಹೊಲ ಕಳಕೊಂಡವನನ್ನ ಕೇಳಿದ್ರೆ ಬೇರೆ ಹೆಸರು ಹೇಳಿಯಾನು.

ನಮ್ಮ ಚರಿತ್ರೆಯ ದೊಡ್ಡ ರಾಜಿ 1932ರದ್ದು. ಆ ಆಗಸ್ಟಿನಲ್ಲಿ ಬ್ರಿಟನ್ನಿನ ಪ್ರಧಾನಿ ಮ್ಯಾಕ್ಡೊನಾಲ್ಡ್ ಕೊಟ್ಟ ತೀರ್ಪಿನಲ್ಲಿ, ಅಸ್ಪೃಶ್ಯರಿಗೆಂದು ಗುರುತಿಸಿದ ಪ್ರತ್ಯೇಕ ಕ್ಷೇತ್ರಗಳಲ್ಲಿ ನಮ್ಮವರಿಗೆ ಎರಡು ಓಟು: ಎಲ್ಲರ ಜೊತೆ ಒಂದು, ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಲು ಇನ್ನೊಂದು. ಇದರ ವಿರುದ್ಧ ಗಾಂಧೀಜಿ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಆಮರಣ ಉಪವಾಸ ಕೂತರು. ಅವರ ಜೀವ ಉಳಿಯಬೇಕಿತ್ತು, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅವರು ಹೋಗಿಬಿಟ್ಟಿದ್ದರೆ ಹಳ್ಳಿಹಳ್ಳಿಯ ಕೇರಿಗಳ ಗತಿ? ಆ ಭಾರವೆಲ್ಲ ಬಾಬಾಸಾಹೇಬರ ಹೆಗಲ ಮೇಲೆ ಬಿತ್ತು. 24ರಂದು ಪುಣೆಯಲ್ಲಿ ಸಹಿ ಆಯಿತು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಇದ್ದ ಸ್ಥಾನ 148 ಆದವು, ಎರಡನೇ ಓಟು ಹೋಯಿತು. ನಮ್ಮ ಮತದಾರರು ಮೊದಲ ಸುತ್ತಿನಲ್ಲಿ ನಾಲ್ವರನ್ನು ಆರಿಸಬಹುದಿತ್ತು. ಆ ನಾಲ್ವರಲ್ಲಿ ಗೆಲ್ಲುವವನನ್ನು ತೀರ್ಮಾನಿಸುವ ಓಟು ಮಾತ್ರ ಸವರ್ಣರನ್ನೂ ಸೇರಿಸಿಕೊಂಡದ್ದು, ಅಲ್ಲಿ ನಮ್ಮ ತಲೆ ಎಷ್ಟು? ಕಳೆದುಹೋದ ಆ ಓಟಿನ ಬೆಲೆ ಹೆಚ್ಚಾದ ಸ್ಥಾನಗಳಿಂದ ತುಂಬಿಬರುವಂಥದ್ದಲ್ಲವೆಂದು ಬಾಬಾಸಾಹೇಬರು 1945ರ ಪುಸ್ತಕದಲ್ಲಿ ವಾದಿಸಿದರು. ಸಹಿ ಹಾಕಿದವರೇ ಹೇಳಿದ ಮಾತು ಇದು.

1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸನ್ನು ಕಟ್ಟೆ ಮೇಲೆ ಕೂತವರು ಮುಗಿಸುವಂತಿಲ್ಲ. ರಾಜಿಯಾಗಿದೆಯೆಂದು ಕೇಸು ರದ್ದು ಮಾಡುವ ಕೋರ್ಟು ಕೂಡ, ನೊಂದವರು ಸ್ವಂತ ಮನಸ್ಸಿನಿಂದ ಒಪ್ಪಿದರೋ ಹೆದರಿ ಒಪ್ಪಿದರೋ ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಹೇಳಿತು. ನಮ್ಮೂರ ಕಟ್ಟೆ ಮುಂದೆ ಈ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾವು ಕಂಡಿಲ್ಲ. ನಾಳೆ ಕೂಲಿಗೆ ಕರೆಯುವವರೂ ಅವರೇ, ರಾಜಿಗೆ ಕರೆಯುವವರೂ ಅವರೇ.