ಜೀರ್ಣೋದ್ಧಾರವೂ ನೂರು ಮೀಟರಿನ ಮೇರೆಯೂ

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವರ ಅಂಗಭೋಗ ರಂಗಭೋಗಗಳಿಗೆಂದು ಭೂಮಿಯನ್ನು ಬಿಟ್ಟವರು, ಗುಡಿಯಲ್ಲಿ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಆ ಭೂಮಿಯ ಉತ್ಪತ್ತಿಯು ಸಲ್ಲಬೇಕೆಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಕಟ್ಟಡವು ಹೊಸದಾಗಿರುವಾಗಲೇ ಅದರ ಮುಪ್ಪನ್ನು ನೆನೆದ ವಿವೇಕವಿದು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನೇ ನೋಡಬಹುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯು ನಾವಿಂದು ಕಾಣುವ ರೂಪದಲ್ಲಿ ಒಂದೇ ಕಾಲದ್ದಲ್ಲ. ಜಾಲಂಧ್ರಗಳು ಅವನ ಮೊಮ್ಮಗನಾದ ಎರಡನೆಯ ಬಲ್ಲಾಳನ ಕಾಲದವು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಮರಳಿ ಕಟ್ಟಿಸಿದನು. ಗರ್ಭಗೃಹದ ಮೇಲಣ ಶಿಖರವನ್ನಾದರೋ, ಕೆಳಗಿನ ಗುಡಿಗೆ ಅಪಾಯವಾಗದಿರಲೆಂದು 1879ರಲ್ಲಿ ಇಳಿಸಿದರು. ಅದು ಮತ್ತೆ ಏರಲಿಲ್ಲ. ಒಂದನ್ನು ಉಳಿಸುವುದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡುವ ಕಠಿಣ ನಿರ್ಣಯವೂ ಜೀರ್ಣೋದ್ಧಾರದೊಳಗೇ ಸೇರಿದೆ.

ಈಗ ಈ ಹೊಣೆಯು ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯದು. ಅದಕ್ಕೆ ಆಧಾರ 1958ರ ಶಾಸನ. (ಶಿಲೆಯ ಮೇಲಿನದೂ ಶಾಸನ, ಗೆಜೆಟ್ಟಿನದೂ ಶಾಸನ, ಕನ್ನಡವು ಎರಡಕ್ಕೂ ಒಂದೇ ಹೆಸರನ್ನಿಟ್ಟಿದೆ.) 2010ರ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಮೇರೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಮೀರಿದವರಿಗೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಒಳಗಣ ಹಳೆಯ ಮನೆಯ ರಿಪೇರಿಗೆ ಅವಕಾಶವುಂಟಾದರೂ ಅದಕ್ಕೂ ಅಪ್ಪಣೆ ಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯು ಇಂಥದೇ ಒಂದು ಗುಡಿಯ ಮಗ್ಗುಲ ಬೀದಿಯಲ್ಲಿದೆ. ಅದರ ತೊಲೆಗಳಿಗೆ ಗೆದ್ದಲು ಹಿಡಿಯಿತು. ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಅಪ್ಪಣೆಯು ಬರುವಷ್ಟರಲ್ಲಿ ಎರಡು ಮಳೆಗಾಲಗಳು ಕಳೆದು, ನಡುಮನೆಯ ಮಾಡು ಕುಸಿದಿತ್ತು. “ಮೇಷ್ಟ್ರೇ, ಗುಡಿಯನ್ನು ಕಾಯುವ ಕಾನೂನು ಗುಡಿಯ ಬೀದಿಯನ್ನು ಕಾಯಬೇಡವೇ?” ಎಂದು ಅವನು ಕೇಳಿದಾಗ ನಾನು ಸುಮ್ಮನಿದ್ದೆನು.

ಹಾಗೆಂದು ಮೇರೆಯನ್ನೇ ಅಳಿಸಬೇಕೆನ್ನುವವರ ಪಕ್ಷ ನನ್ನದಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಯಾತ್ರಿಕರ ಹಿಂದೆಯೇ ವಸತಿಗೃಹಗಳನ್ನು ಎತ್ತರಿಸುವ ಆಸೆಯೂ ಬರುವುದು. ಆದರೆ ಎಲ್ಲ ಸ್ಮಾರಕಗಳಿಗೂ ಒಂದೇ ಹಗ್ಗದ ಅಳತೆ ಸಾಲದು. ಅದೇ ತಿದ್ದುಪಡಿಯು ಪ್ರತಿಯೊಂದು ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿಗಳನ್ನು ರಚಿಸಬೇಕೆಂದು ವಿಧಿಸಿದೆ. ಕಟ್ಟಡಗಳ ಎತ್ತರ, ಮುಂಭಾಗದ ರೂಪ, ಚರಂಡಿ, ರಸ್ತೆ, ವಿದ್ಯುತ್ ಕಂಬ ಎಲ್ಲವೂ ಅವುಗಳ ವ್ಯಾಪ್ತಿಗೆ ಬರುವುವು. ಅವನ್ನು ಬರೆಯುವಾಗ ಆ ಬೀದಿಯವರನ್ನು ಕೇಳಿ, ಹೆಂಚು ಮರಗಳ ಮನೆಯನ್ನು ಹಾಗೆಯೇ ಉಳಿಸಿಕೊಳ್ಳುವವನಿಗೆ ಅಪ್ಪಣೆಯು ಮಳೆಗೆ ಮುಂಚೆ ಸಿಕ್ಕುವಂತೆ ಗಡುವನ್ನೂ, ತಕ್ಕಷ್ಟು ಧನಸಹಾಯವನ್ನೂ ಗೊತ್ತುಮಾಡಬೇಕು. ಹಿಂದಿನವರು ಆಜ್ಞೆಯೊಡನೆ ಗದ್ದೆಯನ್ನೂ ಬಿಟ್ಟಿದ್ದರಷ್ಟೆ.

ನನ್ನ ವಿದ್ಯಾರ್ಥಿಯು ಈಗ ನಡುಮನೆಗೆ ತಗಡು ಹೊದಿಸಿಕೊಂಡಿದ್ದಾನೆ. ಬೀದಿಯ ಕಡೆಯ ಜಗಲಿಯನ್ನೂ ಅದರ ಮರದ ಕಂಬಗಳನ್ನೂ ಮಾತ್ರ ಇದ್ದಂತೆಯೇ ಇಟ್ಟುಕೊಂಡಿದ್ದಾನೆ.